ಮೆಲ್ಬರ್ನ್‌ನ ಗುಡುಗು ಮಳೆ: ಮಕ್ಕಳ ಬ್ಯಾಗಿನಲ್ಲಿ ಪಫರ್ ಇದೆಯೇ?

ನಮ್ಮಲ್ಲಿ ಮಳೆಗಾಲ ಮುಗಿಯುತ್ತಾ ಬರುವ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ವಸಂತ ಕಾಲ. ಅಲ್ಲಿ ನೆಲೆಸಿ ನಾಲ್ಕೈದು ವರ್ಷವಾದ ಮಗನೋ ಸೊಸೆಯೋ ಫೋನಿನಲ್ಲಿ ‘ಕಣ್ಣು ತುರಿಕೆ, ಬೆಳಗಿನಿಂದ ಒಂದೇ ಸಮನೆ ಸೀನು’ ಎನ್ನುತ್ತಾರೆ. ‘ಶೀತ ಆಗಿರಬೇಕು, ಕಷಾಯ ಮಾಡಿಕೊಂಡು ಕುಡಿ’ ಎನ್ನುತ್ತೇವೆ ನಾವು. ಅದು ಶೀತವಲ್ಲದೆ ಹುಲ್ಲಿನ ಪರಾಗದ ಅಲರ್ಜಿಯೂ ಇರಬಹುದು. ಅಲ್ಲಿನವರು ಅದನ್ನು ‘ಹೇ ಫೀವರ್’ ಎನ್ನುತ್ತಾರೆ. ಊರಿನಲ್ಲಿದ್ದಾಗ ಉಬ್ಬಸವೆಂದರೇನೆಂದು ತಿಳಿಯದವರಿಗೂ ಅದು ಉಸಿರು ಕಟ್ಟಿಸಬಲ್ಲದು.

2016ರ ನವೆಂಬರ್ 21ರಂದು ಆದದ್ದು ಇದೇ. ದಿನವಿಡೀ 35 ಡಿಗ್ರಿ ಬಿಸಿಲು, ಸಂಜೆ ಗುಡುಗು ಸಹಿತ ಬಿರುಗಾಳಿ. ಕೆಲವೇ ಗಂಟೆಗಳಲ್ಲಿ ಸಾವಿರಾರು ಜನ ಏದುಸಿರು ಬಿಡುತ್ತಾ ಆಸ್ಪತ್ರೆಗಳತ್ತ ಧಾವಿಸಿದರು. ಆಂಬುಲೆನ್ಸ್‌ಗಳು ಸಾಲದಾದವು. ಹತ್ತು ಮಂದಿ ಅಸುನೀಗಿದರು. ದಾಖಲಾದವರಲ್ಲಿ ಭಾರತ ಹಾಗೂ ಆಗ್ನೇಯ ಏಷ್ಯಾ ಮೂಲದವರ ಪ್ರಮಾಣ ಜನಸಂಖ್ಯೆಯಲ್ಲಿ ಅವರಿಗಿರುವ ಪಾಲಿಗಿಂತ ಬಹಳ ಹೆಚ್ಚಿತ್ತು. ಅನೇಕರಿಗೆ ಅಸ್ತಮಾ ಇದೆಯೆಂದು ಅದುವರೆಗೆ ಯಾವ ವೈದ್ಯರೂ ಹೇಳಿರಲಿಲ್ಲ.

ಕಾರಣ ರೈಗ್ರಾಸ್ ಎಂಬ ಹುಲ್ಲು. ಅದರ ಪರಾಗದ ಕಣ ದಪ್ಪ, ಮೂಗಿನಲ್ಲೇ ಸಿಕ್ಕಿಕೊಳ್ಳುತ್ತದೆ. ಬಿರುಗಾಳಿಯ ತೇವಕ್ಕೆ ಅದು ಒಡೆದರೆ ನೂರಾರು ಸೂಕ್ಷ್ಮ ಕಣಗಳಾಗಿ ನೇರ ಶ್ವಾಸಕೋಶದ ಕೊಳವೆಗಳಿಗೇ ಇಳಿಯುತ್ತದೆ. ಕೊಳವೆಯ ಸ್ನಾಯು ಬಿಗಿಯುತ್ತದೆ, ಒಳಪದರ ಊದಿಕೊಳ್ಳುತ್ತದೆ, ಕಫ ಕಟ್ಟುತ್ತದೆ.

ಬಿಗಿದ ಸ್ನಾಯುವನ್ನು ಸಡಿಲಿಸುವ ಔಷಧ ಸಾಲ್ಬುಟಮಾಲ್. ನಮ್ಮ ಮೆಡಿಕಲ್ ಶಾಪಿನ ಅಸ್ತಾಲಿನ್, ಅಲ್ಲಿನ ವೆಂಟೊಲಿನ್ ಎರಡೂ ಅದೇ. ಅಮೆರಿಕದಲ್ಲಿ ಅದಕ್ಕೆ ಆಲ್ಬುಟೆರಾಲ್ ಎಂದು ಹೆಸರು. ಇನ್ಹೇಲರ್ ಚಟವಾಗುತ್ತದೆ, ಮದುವೆಯಾಗಬೇಕಾದ ಹುಡುಗಿ ಅದನ್ನು ಹಿಡಿದು ಓಡಾಡಬಾರದು ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಇದೆ. ಅದು ಚಟವಾಗುವುದಿಲ್ಲ. ಆದರೆ ಪದೇ ಪದೇ ಬೇಕಾಗುತ್ತಿದ್ದರೆ ಅಸ್ತಮಾ ಹತೋಟಿಯಲ್ಲಿಲ್ಲ ಎಂದರ್ಥ. ಊತ ತಗ್ಗಿಸುವ ‘ಪ್ರಿವೆಂಟರ್’ ಇನ್ಹೇಲರ್ ಬೇರೆಯೇ ಇದೆ. ಅದನ್ನು ಉಬ್ಬಸ ಇಲ್ಲದ ದಿನವೂ ಬಿಡದೆ ಎಳೆದುಕೊಳ್ಳಬೇಕು. ಊರಿಗೆ ಬಂದಾಗ ಅರ್ಧಕ್ಕೆ ನಿಲ್ಲಿಸುವವರೇ ಹೆಚ್ಚು.

ಉಸಿರು ಬಿಗಿದಾಗ ಆಸ್ಟ್ರೇಲಿಯಾದಲ್ಲಿ ಕಲಿಸುವ ಲೆಕ್ಕ ನಾಲ್ಕರದು. ಮಲಗಿಸಬೇಡಿ, ನೇರ ಕೂರಿಸಿ. ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆಗೆ ಪಫರ್ ಸಿಕ್ಕಿಸಿ ಒಂದು ಸಲ ಒತ್ತಿ, ನಾಲ್ಕು ಉಸಿರು ಎಳೆದುಕೊಳ್ಳಲಿ. ಹೀಗೆ ಒಂದೊಂದಾಗಿ ನಾಲ್ಕು ಸಲ. ನಾಲ್ಕು ನಿಮಿಷ ಕಾಯಿರಿ. ಸುಧಾರಿಸದಿದ್ದರೆ ಮತ್ತೆ ನಾಲ್ಕು. ಆಗಲೂ ಕಡಿಮೆಯಾಗದಿದ್ದರೆ 000ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೂ ನಾಲ್ಕು ನಿಮಿಷಕ್ಕೊಮ್ಮೆ ಕೊಡುತ್ತಿರಿ. ಮಾತು ಪೂರ್ತಿ ಆಡಲಾಗದಷ್ಟು ಏದುಸಿರಿದ್ದರೆ, ತುಟಿ ನೀಲಿಗಟ್ಟಿದ್ದರೆ ಕಾಯದೆ ಮೊದಲೇ ಕರೆ ಮಾಡಬೇಕು. ಆ ಹೊತ್ತಿನಲ್ಲಿ ಹಬೆ, ಶುಂಠಿ, ತುಳಸಿ ನಂಬಿ ಕೂರುವಂತಿಲ್ಲ.

ವಿಕ್ಟೋರಿಯಾ ರಾಜ್ಯದಲ್ಲಿ ಈಗ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಗುಡುಗಿನ ಅಸ್ತಮಾದ ದೈನಂದಿನ ಮುನ್ಸೂಚನೆ ಕೊಡುತ್ತಾರೆ. ‘ವಿಕ್‌ಎಮರ್ಜೆನ್ಸಿ’ ಆ್ಯಪ್‌ನಲ್ಲಿ ಎಚ್ಚರಿಕೆ ಬಂದ ದಿನ ಬಿರುಗಾಳಿ ಏಳುವ ಮುನ್ನವೇ ಮನೆ ಸೇರಿ ಕಿಟಕಿ ಮುಚ್ಚಿಕೊಳ್ಳುವುದು ಕ್ಷೇಮ. ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡಲೋ ಆ ತಿಂಗಳುಗಳಲ್ಲಿ ಹೊರಡುವ ಅಲರ್ಜಿ, ಉಬ್ಬಸದ ಹಿರಿಯರು ಔಷಧವನ್ನು ಮೂಲ ಪ್ಯಾಕಿನಲ್ಲೇ, ವೈದ್ಯರ ಚೀಟಿ ಸಮೇತ ಕೈಚೀಲದಲ್ಲಿಟ್ಟುಕೊಳ್ಳಲಿ. ಅಲ್ಲಿರುವ ಮಕ್ಕಳಿಗೆ ಚೀಟಿಯೂ ಬೇಡ: ಸೀನು ಕಾಡುತ್ತಿದ್ದರೆ ಫಾರ್ಮಸಿಸ್ಟ್ ಬಳಿ ಹೇಳಿಕೊಂಡರೆ ಪಫರ್, ಸ್ಪೇಸರ್ ಎರಡೂ ಸಿಗುತ್ತವೆ, ಬಳಸುವುದನ್ನೂ ತೋರಿಸಿಕೊಡುತ್ತಾರೆ.