ರೊಟ್ಟಿ ಎಷ್ಟು, ಶೇಂಗಾ ಎಷ್ಟು?

ಪ್ರಶ್ನೆ: ಸಕ್ಕರೆ ಕಾಯಿಲೆ ಇದೆ. ಅನ್ನ ಬಿಟ್ಟು ಜೋಳದ ರೊಟ್ಟಿ ಬೇಕಾದಷ್ಟು ತಿನ್ನಬಹುದೆ? ಸಂತೆಯಲ್ಲಿ ಏನು ಕೊಳ್ಳಲಿ?
– ಓದುಗರೊಬ್ಬರು, ಬ್ಯಾಡಗಿ

ಉತ್ತರ: ಬೇಕಾದಷ್ಟು ತಿನ್ನುವಂತಿಲ್ಲ. ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಅಕ್ಕಿಯಲ್ಲಿ 78ರ ಆಸುಪಾಸು. ನಾರು ಹೆಚ್ಚಿರುವುದು ಜೋಳದ ಗುಣ, ನಿಜ. ಆದರೆ 50 ಗ್ರಾಂ ಹಿಟ್ಟಿನ ಒಂದು ರೊಟ್ಟಿಯಲ್ಲೇ 35 ಗ್ರಾಂ ಆಯಿತು. ಕಟಕ ರೊಟ್ಟಿ ತೆಳ್ಳಗಿರುವುದರಿಂದ ಲೆಕ್ಕ ಇನ್ನೂ ಬೇಗ ತಪ್ಪುತ್ತದೆ. ನವಣೆ, ಹಾವೇರಿ ಸೀಮೆಯ ಹೊಲಗಳಲ್ಲೆಲ್ಲ ಕಾಣುವ ಗೋವಿನಜೋಳ, ಇವಕ್ಕೂ ಇದೇ ಮಾತು.

ಹಾಗಾಗಿ ರಾಣೆಬೆನ್ನೂರಿನ ಸಂತೆಗೆ ಹೋದರೂ ಚೀಲ ಮೊದಲು ಮೆಂತ್ಯ, ಹಕ್ಕರಕಿ, ಬದನೆ, ಹೀರೆ, ಸೌತೆಗಳಿಂದ ತುಂಬಲಿ. ಕಿರಾಣಿ ಅಂಗಡಿಯಲ್ಲಿ ಶೇಂಗಾ, ಅಗಸಿ, ಗುರೆಳ್ಳು ಕೊಳ್ಳಿ. ನೂರು ಗ್ರಾಂ ಶೇಂಗಾದಲ್ಲಿ ಕಾರ್ಬೋಹೈಡ್ರೇಟ್ 16 ಗ್ರಾಂ, ಪ್ರೋಟೀನ್ 25 ಗ್ರಾಂ. ಕೊಬ್ಬು ಹೆಚ್ಚು, ಒಂದು ಹಿಡಿ ಸಾಕು. ಚಟ್ನಿಪುಡಿಯನ್ನು ಮನೆಯಲ್ಲೇ ಕುಟ್ಟಿಕೊಳ್ಳುವುದು ಮೇಲು, ಕೊಂಡ ಪುಡಿಗೆ ಬೆಲ್ಲ ಬೆರೆತಿರಬಹುದು. ನಿಮ್ಮೂರಿನ ಮೆಣಸಿನಕಾಯಿಯಿಂದ ಸಕ್ಕರೆ ಏರುವ ಭಯವಿಲ್ಲ. ಪುಟಾಣಿಯಲ್ಲಿ ಮಾತ್ರ ಅರ್ಧಕ್ಕಿಂತ ಹೆಚ್ಚು ಕಾರ್ಬೋಹೈಡ್ರೇಟ್.

‘ಶುಗರ್ ಫ್ರೀ’ ಬಿಸ್ಕತ್ತು ಕಂಡರೆ ಪೊಟ್ಟಣ ತಿರುಗಿಸಿ, ಒಟ್ಟು ಕಾರ್ಬೋಹೈಡ್ರೇಟ್ ಸಾಲು ಓದಿ. ಸಕ್ಕರೆ ಹಾಕದಿದ್ದರೂ ಮೈದಾ ಅಥವಾ ಬೇರೆ ಹಿಟ್ಟು ಇದ್ದೇ ಇರುತ್ತದೆ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ರೊಟ್ಟಿ, ಅನ್ನ ಕಡಿಮೆ ಮಾಡುವ ಮುನ್ನವೇ ವೈದ್ಯರಿಗೆ ಹೇಳಿ. ಔಷಧ ಅಷ್ಟೇ ಇದ್ದು ಊಟ ಇಳಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಬೆವರು, ಕೈನಡುಕ ಅದರ ಗುರುತು.