ಕಸುವು ಕುಂದಿದ ಬಾಳ್ವೆ: ಕೀಮೋಥೆರಪಿ ಪಡೆಯುವ ಸ್ತ್ರೀಯರ ಬಳಲಿಕೆಯನ್ನು ಕುರಿತು

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ 'ಮೈಯಾಗ ಕಸುವಿಲ್ಲ' ಎಂಬ ಮಾತಿಗೆ ಅರ್ಥ ಹಲವು. ಹೊಲದ ದುಡಿಮೆಯ ದಣಿವಿಗೂ, ಜ್ವರ ಬಿಟ್ಟ ಮೇಲಿನ ನಿಶ್ಶಕ್ತಿಗೂ ಇದೇ ಮಾತು ಸಲ್ಲುತ್ತದೆ. ಕ್ಯಾನ್ಸರಿಗೆ ಕೀಮೋಥೆರಪಿ ಪಡೆಯುತ್ತಿರುವ ಹೆಂಗಸು ಇದನ್ನೇ ಆಡಿದಾಗ, ಕೇಳಿದವರು ಎಂದಿನ ದಣಿವೆಂದು ಭಾವಿಸುವುದು ಸಹಜವೇ. ಆದರೆ ಇವೆರಡೂ ಒಂದಲ್ಲ. ದುಡಿಮೆಯ ದಣಿವು ರಾತ್ರಿಯ ನಿದ್ರೆಯಿಂದ ನೀಗುವುದು. ಈ ಬಳಲಿಕೆಯಾದರೋ ದುಡಿಯದೆಯೂ ಬರುವುದು, ಮಲಗಿದರೂ ಹೋಗದು.

ಬೇಗ ಬೇಗ ವಿಭಜನೆಗೊಳ್ಳುವ ಜೀವಕೋಶಗಳನ್ನು ಕೊಲ್ಲುವುದು ಕೀಮೋಥೆರಪಿಯ ಬಹುಪಾಲು ಔಷಧಗಳ ಗುಣ. ರೋಗದ ಕೋಶಗಳೊಡನೆ, ಎಲುಬಿನ ಮಜ್ಜೆಯಲ್ಲಿ ರಕ್ತಕಣಗಳನ್ನು ಹುಟ್ಟಿಸುವ ಕೋಶಗಳಿಗೂ ಪೆಟ್ಟು ಬೀಳುತ್ತದೆ. ಕೆಂಪು ಕಣಗಳು ಕುಗ್ಗಿದಾಗ ಸ್ನಾಯುಗಳಿಗೆ ಆಮ್ಲಜನಕ ಸಾಲದಾಗುತ್ತದೆ. ಬಾಯಿಹುಣ್ಣು, ವಾಕರಿಕೆಗಳಿಂದ ಊಟ ಸೇರದು, ನಿದ್ರೆ ಕೆಡುವುದು, ಮನಸ್ಸಿನ ಅಂಜಿಕೆ ಬೇರೆ. ಸ್ತನ ಕ್ಯಾನ್ಸರಿನ ಹಲವು ಚಿಕಿತ್ಸಾಕ್ರಮಗಳಲ್ಲಿ ೨೧ ದಿನಗಳಿಗೊಮ್ಮೆ ಔಷಧ ಏರಿಸುವರು. ಸಾಮಾನ್ಯವಾಗಿ ಅನಂತರದ ಕೆಲವು ದಿನ ಬಳಲಿಕೆ ವಿಪರೀತವಾಗಿದ್ದು, ಮುಂದಿನ ಸರದಿಯ ಹೊತ್ತಿಗೆ ತುಸು ಇಳಿದಿರುತ್ತದೆ.

ನಮ್ಮ ಭಾಗದ ಸ್ತ್ರೀಯರಲ್ಲಿ ಈ ಕಥೆ ಮೊದಲ ಸರದಿಗೆ ಮುಂಚೆಯೇ ಆರಂಭವಾಗಿರುವುದುಂಟು. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ೧೫ರಿಂದ ೪೯ ವಯಸ್ಸಿನ ಸ್ತ್ರೀಯರಲ್ಲಿ ಶೇಕಡ ೪೭.೮ ಮಂದಿಗೆ ರಕ್ತಹೀನತೆಯಿತ್ತು. ಕುಂದಿದ ರಕ್ತವನ್ನು ಔಷಧವು ಇನ್ನಷ್ಟು ಕುಂದಿಸುವುದು. ಪ್ರಯಾಣದ ಆಯಾಸವೂ ಇದಕ್ಕೆ ಕೂಡುತ್ತದೆ. ಕಿದ್ವಾಯಿ ಆಸ್ಪತ್ರೆಯ ಶಾಖೆಯಿರುವುದು ಕಲಬುರಗಿಯಲ್ಲಿ. ಯಾದಗಿರಿಯವರಿಗೆ ರೈಲುಂಟು, ಸುರಪುರದವರು ನೂರು ಕಿಲೋಮೀಟರಿನಷ್ಟು ದಾರಿಯನ್ನು ಬಹುಮಟ್ಟಿಗೆ ಬಸ್ಸಿನಲ್ಲೇ ಸವೆಸಬೇಕು, ಔಷಧ ಏರಿಸಿಕೊಂಡು ಹಿಂದಿರುಗುವಾಗಲೂ.

ರೋಗಿಯ ಜೀವನದ ಗುಣಮಟ್ಟವನ್ನು ಅಳೆಯಲು ೧೯೯೩ರಲ್ಲಿ ಯುರೋಪಿನ ಕ್ಯಾನ್ಸರ್ ಸಂಶೋಧಕರು ಪ್ರಕಟಿಸಿದ ಮೂವತ್ತು ಪ್ರಶ್ನೆಗಳ ಪಟ್ಟಿ ಇಂದು ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ. ಭಾರವಾದ ಸಾಮಾನಿನ ಚೀಲವನ್ನೋ ಸೂಟ್‌ಕೇಸನ್ನೋ ಹೊರುವುದು ಕಷ್ಟವೇ ಎಂಬುದು ಅದರ ಮೊದಲ ಪ್ರಶ್ನೆಯ ತಾತ್ಪರ್ಯ. ನೀರಿನ ಕೊಡ ಹೊತ್ತು, ರೊಟ್ಟಿ ಬಡಿದು, ಹತ್ತಿ ಬಿಡಿಸಿ ಬಾಳಿದವಳನ್ನು ಸೂಟ್‌ಕೇಸಿನಿಂದ ಅಳೆಯುವುದೆಂತು? ಪ್ರಶ್ನೆಯನ್ನು ಕೊಡಕ್ಕೆ ಹೊಂದಿಸಿದರೂ ತೊಡಕು ಪೂರ್ತಿ ತೀರದು. ಅಡುಗೆ ಮಾಡುವುದು ಕಷ್ಟವೇ ಎಂದರೆ, ಮಾಡಲೇಬೇಕಾದವಳು ಇಲ್ಲವೆನ್ನುವಳು. ಒಲೆಯ ಮುಂದೆ ಕುಳಿತರೆ ಒಂದೇ ಸಮನೆ ಎಷ್ಟು ರೊಟ್ಟಿ ಬಡಿಯುತ್ತಿದ್ದಿರಿ, ಈಗ ಎಷ್ಟಕ್ಕೆ ಕೈ ಸೋಲುತ್ತದೆ ಎಂದು ಕೇಳಿದರೆ ಉತ್ತರ ಬೇರೆಯಾದೀತು. ಪ್ರಶ್ನಾವಳಿ ಹಿಡಿದು ಊರಿಗೆ ಹೋಗುವ ವಿದ್ಯಾರ್ಥಿಗಳು ಇದನ್ನು ಮೊದಲು ಕಲಿಯಬೇಕೆಂದು ನಮ್ಮ ಅಭಿಪ್ರಾಯ. ಹೇಳದೆ ನುಂಗಿಕೊಂಡ ಬಳಲಿಕೆಯೇ ಚಿಕಿತ್ಸೆಯನ್ನು ನಡುವೆ ಬಿಡಲು ಕಾರಣವಾಗಬಲ್ಲದು.

ಪರಿಹಾರವಿಲ್ಲವೆಂದಲ್ಲ. ೨೦೧೭ರಲ್ಲಿ ಪ್ರಕಟವಾದ, ೧೧೩ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ವಿಮರ್ಶೆಯಲ್ಲಿ, ಮಾತ್ರೆಗಳಿಗಿಂತ ವ್ಯಾಯಾಮ ಹಾಗೂ ಮಾನಸಿಕ ನೆರವು ಹೆಚ್ಚು ಫಲಕಾರಿಯೆಂದು ಕಂಡುಬಂದಿತು. ಈ ಮಾತನ್ನು ನಮ್ಮ ಊರುಗಳಲ್ಲಿ ಎಚ್ಚರದಿಂದ ಹೇಳಬೇಕು. ಕೆಲವು ಮನೆಗಳಲ್ಲಿ ಪ್ರೀತಿಯಿಂದಲೇ ಆಕೆಯನ್ನು ಹಾಸಿಗೆಯಿಂದ ಏಳಗೊಡರು. ಸ್ನಾಯುಗಳು ಸೊರಗಿ ಬಳಲಿಕೆ ಬೆಳೆಯುವುದು. ಇನ್ನು ಕೆಲವು ಮನೆಗಳಲ್ಲಿ ಕೂಲಿ ಬಿಡಲಾಗದು. ತಂಪು ಹೊತ್ತಿನಲ್ಲಿ ಅಗಸಿಯವರೆಗೆ ನಡೆದು ಬರುವುದು ವ್ಯಾಯಾಮ. ದಿನವಿಡೀ ಬಿಸಿಲಲ್ಲಿ ಹತ್ತಿ ಬಿಡಿಸುವುದು ವ್ಯಾಯಾಮವಲ್ಲ. ನಡಿಗೆಗೆ ಮುನ್ನ ರಕ್ತಪರೀಕ್ಷೆಯಾಗಿ, ಹಿಮೋಗ್ಲೋಬಿನ್ ಎಷ್ಟಿದೆಯೆಂದು ವೈದ್ಯರು ತಿಳಿದಿರುವುದು ಲೇಸು.

ಒಂದು ಸಂದರ್ಭವನ್ನು ಮಾತ್ರ ಬಳಲಿಕೆಯ ಲೆಕ್ಕಕ್ಕೆ ಸೇರಿಸಲಾಗದು. ಔಷಧ ಏರಿಸಿದ ಒಂದೆರಡು ವಾರಗಳಲ್ಲಿ ಬಿಳಿ ರಕ್ತಕಣಗಳು ತೀರ ಕಡಮೆಯಾಗುತ್ತವೆ. ಆಗ ಕಸುವಿಲ್ಲವೆಂದವಳ ಮೈ ಬಿಸಿಯಾಗಿದ್ದರೆ, ಅದು ಸೋಂಕಿನ ಜ್ವರವಿರಬಹುದು. ಬೆಳಗಾಗಲೆಂದು ಕಾಯದೆ ಆಗಲೇ ಆಸ್ಪತ್ರೆಗೆ ಒಯ್ಯಬೇಕು.