ಅಧ್ಯಾಪಕರಾಗಲಿರುವ ನಮ್ಮ ಮಕ್ಕಳಿಗೆ

ಶಿಕ್ಷಕ ತರಬೇತಿಗೆ ಸೇರುವ ತರುಣ ತರುಣಿಯರಲ್ಲಿ ಅನೇಕರು ‘ಶಿಕ್ಷಣದ ತಳಹದಿಗಳು’ ಎಂಬ ವಿಷಯವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಮರೆತುಬಿಡುತ್ತಾರೆ. ಬ್ಯಾಂಕಿನ ಉದ್ಯೋಗಿಯಾದ ನನಗೆ ಇದು ಮೂಲಧನವಿಲ್ಲದೆ ವ್ಯಾಪಾರಕ್ಕಿಳಿದಂತೆ ತೋರುತ್ತದೆ. ಏತಕ್ಕಾಗಿ ಕಲಿಸಬೇಕೆಂಬುದನ್ನು ತತ್ತ್ವಶಾಸ್ತ್ರವೂ, ಮಗು ಹೇಗೆ ಕಲಿಯುತ್ತದೆಂಬುದನ್ನು ಮನಶ್ಶಾಸ್ತ್ರವೂ, ಅದು ಎಂತಹ ಮನೆಯಿಂದ ಬಂದಿದೆಯೆಂಬುದನ್ನು ಸಮಾಜಶಾಸ್ತ್ರವೂ ವಿಚಾರಿಸುತ್ತವೆ.

ಕೊನೆಯದು ವಿಶಾಖಪಟ್ಟಣದ ಕನ್ನಡಿಗರಿಗೆ ತೀರ ಹತ್ತಿರದ ಮಾತು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷ್ ಕೇಳುವ ಮಗು ಮೊದಲ ಕೆಲವು ತಿಂಗಳು ತರಗತಿಯಲ್ಲಿ ಮೌನವಾಗಿರುವುದುಂಟು. ಹೊಸ ಭಾಷೆಗೆ ಕಿವಿ ಒಗ್ಗಿಕೊಳ್ಳುವ ಕಾಲವದು. ಇದನ್ನರಿಯದ ಅಧ್ಯಾಪಕರು ಮಗುವನ್ನು ಮಂದಮತಿಯೆಂದು ಎಣಿಸಿ ಹಿಂದಿನ ಬೆಂಚಿಗೆ ತಳ್ಳಿಯಾರು. ಬಲ್ಲವರು ಅದು ಚಿತ್ರ ಬರೆದೋ, ಮನೆಮಾತಿನಲ್ಲಿಯೋ ಉತ್ತರಿಸಲೆಂದು ಕಾಯುವರು. (ಮನೆಯಲ್ಲಿಯೂ ಮಗು ಮಾತನಾಡದಿದ್ದರೆ ತಡಮಾಡದೆ ಕಿವಿಯ ಪರೀಕ್ಷೆ ಮಾಡಿಸಬೇಕು.) 2009ರ ಶಿಕ್ಷಣ ಹಕ್ಕು ಕಾಯಿದೆಯು ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಸಾಧ್ಯವಾದಷ್ಟು ಮಟ್ಟಿಗೆ ಮಾತೃಭಾಷೆಯಲ್ಲಿ ಕಲಿಸಬೇಕೆಂದೂ ಹೇಳುತ್ತದೆ.

ಮೈಸೂರಿನಲ್ಲಿ 1963ರಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ವ್ಯಾಪ್ತಿಗೆ ಆಂಧ್ರಪ್ರದೇಶವೂ ಸೇರಿದೆ. ಊರಿನ ನಂಟನ್ನೂ ಉಳಿಸಿಕೊಂಡು ಈ ವಿಷಯವನ್ನು ಅಭ್ಯಾಸ ಮಾಡಬಯಸುವವರು ಅಲ್ಲಿನ ಪ್ರವೇಶ ಪರೀಕ್ಷೆಯ ವಿವರಗಳನ್ನು ಈಗಲೇ ವಿಚಾರಿಸುವುದು ಒಳ್ಳೆಯದು.